ಸಂಗೀತದ ಪಿರಿಯಡ್ಡು, ತಮಟೆಯ ವಿದ್ಯೆ

ಶಾಲೆಯಲ್ಲಿ ಸಂಗೀತ ಇರಬೇಕೋ ಬೇಡವೋ ಎಂಬ ಬಗ್ಗೆ ಈ ನಾಡಿನಲ್ಲಿ ಜಗಳವೇ ಇಲ್ಲ. ಶಿಕ್ಷಣ ತಜ್ಞರು ಬೇಕು ಅಂತಾರೆ, ಮಂತ್ರಿಗಳು ಬೇಕು ಅಂತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿಗೆ ಹತ್ತನೇ ತರಗತಿಯವರೆಗೆ ಕಲೆಗಳನ್ನು ಕಡ್ಡಾಯವಾಗಿ ಕಲಿಸಬೇಕು ಎಂಬ ಮಾತು ಬಂತು. 2020ರ ಶಿಕ್ಷಣ ನೀತಿ ಊರಿನ ಕಲಾವಿದರನ್ನೇ ಶಾಲೆಗೆ ಕರೆಸಿ ಪಾಠ ಮಾಡಿಸಿ ಎಂದಿತು. ಇಷ್ಟೆಲ್ಲ ಆದಮೇಲೂ ನಮ್ಮ ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರಿಲ್ಲ. ಡ್ರಿಲ್ ಮೇಷ್ಟ್ರೋ ಕನ್ನಡದ ಮೇಡಮ್ಮೋ ಪ್ರಾರ್ಥನೆ ಹೇಳಿಕೊಡುತ್ತಾರೆ, ಅಲ್ಲಿಗೆ ಸಂಗೀತ ಮುಗಿಯಿತು. ಇದನ್ನು ಹೇಳಿ ಹೇಳಿ ಎಲ್ಲರಿಗೂ ಸಾಕಾಗಿದೆ. ನನ್ನ ತಕರಾರು ಇರುವುದು ಮೇಷ್ಟ್ರು ಬಂದಮೇಲಿನ ಸಂಗತಿಯ ಬಗ್ಗೆ. ಬಂದವರು ಏನನ್ನು ಕಲಿಸುತ್ತಾರೆ? ಯಾರ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿಕೊಂಡು ಬರುತ್ತಾರೆ?

ನಮ್ಮ ರಾಜ್ಯದಲ್ಲಿ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ. ಹಾಡುಗಾರಿಕೆ, ವೀಣೆ, ಪಿಟೀಲು, ಮೃದಂಗ, ತಬಲ, ಭರತನಾಟ್ಯ, ಹೀಗೆ ಪಟ್ಟಿ ದೊಡ್ಡದೇ ಇದೆ. ಇವುಗಳ ಶಾಸ್ತ್ರಭಾಗದಲ್ಲಿ 'ಜೀವನ ಚರಿತ್ರೆ' ಎಂಬುದೊಂದು ಬರುತ್ತದೆ. ಪುರಂದರದಾಸರು, ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು. ಹುಟ್ಟಿದ ಊರು, ತಂದೆತಾಯಿ, ಗುರು, ಅಂಕಿತ, ರಚನೆಗಳು. ಮಕ್ಕಳು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಾರೆ. ಆ ಹಿರಿಯರ ಬಗ್ಗೆ ನನಗೆ ಯಾವ ಅಸೂಯೆಯೂ ಇಲ್ಲ. ಆದರೆ ಈ ಚರಿತ್ರೆಗಳನ್ನೆಲ್ಲ ಒಟ್ಟಿಗೆ ಓದಿದಾಗ ಕಣ್ಣಮುಂದೆ ಬರುವ ಸಂಗೀತಗಾರನನ್ನು ನೋಡಿ. ಅವನಿಗೆ ದೇವರಿರುತ್ತಾನೆ, ಗುರು ಇರುತ್ತಾನೆ, ಪರಂಪರೆ ಇರುತ್ತದೆ, ಹೊಟ್ಟೆ ಮಾತ್ರ ಇರುವುದಿಲ್ಲ. ದುಡ್ಡಿನ ಮಾತು ಬಂದರೂ ದುಡ್ಡನ್ನು ಒಲ್ಲೆ ಎಂದ ಕತೆಯಾಗಿಯೇ ಬರುತ್ತದೆ. ಕೊಡುವವನು ಇದ್ದಾಗ ತಾನೆ ಒಲ್ಲೆ ಅನ್ನುವುದು! ಸಾವಿನ ಮನೆ ಮುಂದೆ ರಾತ್ರಿಯೆಲ್ಲ ಬಾರಿಸಿ ಬೆಳಗಿನ ಜಾವ ಕೂಲಿಗಾಗಿ ಚೌಕಾಸಿ ಮಾಡುವವನ ಬದುಕು ಈ ಅಚ್ಚಿನೊಳಗೆ ಕೂರುವುದಿಲ್ಲ. ಅವನನ್ನು ಯಾರೂ ಸಂಗೀತಗಾರ ಅನ್ನುವುದೂ ಇಲ್ಲ. ತಮಟೆಯವನು ಅಂತಾರೆ, ಅಷ್ಟೆ.

ಅವನನ್ನು ಹೊರಗಿಡುವುದಕ್ಕೆ ಬಹಳ ನಯವಾದ ಮಾತೊಂದು ಬಳಕೆಯಲ್ಲಿದೆ. 'ಲಯ ಅವರ ರಕ್ತದಲ್ಲೇ ಇದೆ.' ಜಾನಪದ ಮೇಳಗಳ ವೇದಿಕೆಯಲ್ಲಿ ಈ ಮಾತನ್ನು ಕೇಳದವರಿಲ್ಲ. ಹೊಗಳಿಕೆ ಅಂತ ತಿಳಿದು ನಮ್ಮವರೂ ಚಪ್ಪಾಳೆ ತಟ್ಟುತ್ತಾರೆ. ಅದೇ ವೇದಿಕೆಗೆ ಮೃದಂಗ ವಿದ್ವಾಂಸರೊಬ್ಬರು ಬಂದರೆ, ಇಂಥವರಲ್ಲಿ ಶಿಷ್ಯವೃತ್ತಿ ಮಾಡಿದ್ದಾರೆ, ಇಷ್ಟು ವರ್ಷ ಸಾಧನೆ ಮಾಡಿದ್ದಾರೆ ಅಂತ ಪರಿಚಯ ನಡೆಯುತ್ತದೆ. ಇವರದು ಸಾಧನೆ, ಅವನದು ರಕ್ತ. ರಕ್ತದಲ್ಲಿರುವುದಕ್ಕೆ ಪಠ್ಯ ಬೇಡ, ಪಿರಿಯಡ್ಡು ಬೇಡ, ಮೇಷ್ಟ್ರು ಬೇಡ, ಹಾಗಾಗಿ ಸಂಬಳವೂ ಬೇಡ. ಹುಟ್ಟೇ ಕಸುಬು ಅಂತ ಮನುವಿನ ಕಾಲದಿಂದ ಹೇಳಿಕೊಂಡು ಬಂದದ್ದನ್ನೇ ಇವರು ಜರಿಶಾಲು ಹೊದಿಸಿ ಹೇಳುತ್ತಿದ್ದಾರೆ.

ಈ ರಕ್ತದ ಸಿದ್ಧಾಂತ ನಮ್ಮ ಒಳ್ಳೆಯ ಸಾಹಿತ್ಯದೊಳಗೂ ಸದ್ದಿಲ್ಲದೆ ಕೂತಿದೆ. ಶಿವರಾಮ ಕಾರಂತರ 'ಚೋಮನ ದುಡಿ' ತೆಗೆದುಕೊಳ್ಳಿ. ಹೊಲೆಯನೊಬ್ಬ ಬೇಸಾಯಗಾರನಾಗಬೇಕೆಂದು ಆಸೆಪಟ್ಟು ಸೋತ ಕತೆಯನ್ನು 1933ರಷ್ಟು ಹಿಂದೆಯೇ ಬರೆದದ್ದು ಸಣ್ಣ ಕೆಲಸವಲ್ಲ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಾಲೇಜುಗಳಲ್ಲಿ ಇದನ್ನು ಪಾಠ ಮಾಡಿದ ಮೇಷ್ಟ್ರುಗಳು ನಮಗೆ ಹೇಳಿಕೊಟ್ಟ ಸೂತ್ರ ಒಂದೇ: ದುಡಿ ಚೋಮನ ಅಂತರಂಗದ ಸಂಕೇತ. ನಾವೂ ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತಗೊಂಡೆವು. ಸಂಕೇತ ಸರಿ ಸ್ವಾಮಿ, ಆದರೆ ಅದು ಮೊದಲು ಒಂದು ವಾದ್ಯ. ಅದಕ್ಕೆ ಚರ್ಮ ಬಿಗಿದವರು ಯಾರು? ಚೋಮನ ಕೈಗೆ ಅದನ್ನು ಕಲಿಸಿದವರು ಯಾರು? ಅವನು ಬಾರಿಸುತ್ತಿದ್ದ ಗತ್ತುಗಳು ಯಾವುವು? ಚೋಮ ದುಃಖ ಬಂದಾಗ ಬಾರಿಸುತ್ತಾನೆ, ಸಿಟ್ಟು ಬಂದಾಗ ಬಾರಿಸುತ್ತಾನೆ, ಕೊನೆಗೆ ಬಾರಿಸುತ್ತಲೇ ಸಾಯುತ್ತಾನೆ. ದುಡಿ ಅವನ ಎದೆಯಿಂದ ತಾನಾಗಿ ಹೊರಟು ಬರುವ ಸದ್ದಿನಂತೆ ಬರುತ್ತದೆಯೇ ಹೊರತು ಅವನಿಗೆ ಗೊತ್ತಿರುವ ಒಂದು ವಿದ್ಯೆಯಾಗಿ ಬರುವುದಿಲ್ಲ. ಇದೇ ಕಾರಂತರು 'ಯಕ್ಷಗಾನ ಬಯಲಾಟ' ಬರೆಯುವಾಗ ಎಷ್ಟು ಎಚ್ಚರದಿಂದ ರಾಗ, ತಾಳ, ಕುಣಿತ, ವೇಷಭೂಷಣಗಳನ್ನು ವಿವರಿಸಿದ್ದಾರೆ! ಯಕ್ಷಗಾನದ ವಾದ್ಯಕ್ಕೆ ಶಾಸ್ತ್ರ ಹುಡುಕಿದ ಕಣ್ಣಿಗೆ ಚೋಮನ ದುಡಿಯಲ್ಲಿ ಕಂಡದ್ದು ಬರೀ ನೋವು. ಕಾರಂತರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಕಾದಂಬರಿಗೆ ಬೇಕಾದದ್ದು ನೋವೇ ಇರಬಹುದು. ಆದರೆ ಆಮೇಲೆ ಬಂದ ವಿಮರ್ಶೆಯೂ ಆ ನೋವಿನಲ್ಲೇ ಕಣ್ಣೊರೆಸಿಕೊಂಡು ಕೂತುಬಿಟ್ಟಿತಲ್ಲ, ಅದು ತಕರಾರು.

ತಮಟೆ ಹೇಗೆ ಕಲಿಯುತ್ತಾರೆ ಅನ್ನುವುದನ್ನು ಒಂದು ಸಲ ಕೂತು ನೋಡಬೇಕು. ನಮ್ಮ ಸೀಮೆಯಲ್ಲಿ ಹುಡುಗನ ಕೈಗೆ ಮೊದಲಿಗೇ ತಮಟೆ ಕೊಡುವುದಿಲ್ಲ. ತೊಡೆ ಮೇಲೆ, ತಗಡಿನ ಡಬ್ಬದ ಮೇಲೆ, ಉಂಡ ತಟ್ಟೆ ಮೇಲೆ ಬಡಿದುಕೊಂಡಿರುತ್ತಾನೆ. ದೊಡ್ಡವರು ಗತ್ತನ್ನು ಬಾಯಲ್ಲಿ ಹೇಳುತ್ತಾರೆ, ಒಂದೊಂದು ಪೆಟ್ಟಿಗೂ ಒಂದೊಂದು ಸದ್ದು. ಅದು ನಾಲಿಗೆಗೆ ಬಂದಮೇಲೆ ಕೈಗೆ. ಮೃದಂಗದ ಪಾಠದಲ್ಲೂ ಹೀಗೇ ಬಾಯಲ್ಲಿ ಹೇಳಿಸಿ ಆಮೇಲೆ ನುಡಿಸುತ್ತಾರೆ, ಅಲ್ಲಿ ಅದಕ್ಕೆ ಸೊಲ್ಲು ಅಂತ ಗೌರವದ ಹೆಸರಿದೆ. ಬಾಯಿ ತಿರುಗಿದ ಮೇಲೆ ಕೋಲು. ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದು ಕೈಯಲ್ಲಿ ಬಿದಿರಿನ ತೆಳ್ಳನೆ ಕಡ್ಡಿ. ದಪ್ಪ ಕೋಲು ನಡುಮೈಗೆ ಬಿದ್ದಾಗ ಒಂದು ನಾದ, ಅಂಚಿಗೆ ಬಿದ್ದಾಗ ಇನ್ನೊಂದು. ತೆಳು ಕಡ್ಡಿ ಆ ಎರಡು ಪೆಟ್ಟುಗಳ ನಡುವಿನ ಜಾಗವನ್ನು ತುಂಬುತ್ತಾ ಹೋಗಬೇಕು. ಎರಡು ಕೈ ಎರಡು ಲೆಕ್ಕ ಹಿಡಿದಿರುವಾಗ ಕಾಲು ಮೂರನೆಯ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿರಬೇಕು. ತಪ್ಪಿದರೆ ಮಣಿಕಟ್ಟಿನ ಮೇಲೆ ದೊಡ್ಡವರ ಕಡ್ಡಿ ಬೀಳುತ್ತದೆ. ಹಬ್ಬದ ಮೆರವಣಿಗೆಯಲ್ಲಿ ಸಾಲಿನ ಕಡೆಗೆ ನಿಂತು, ಮುಂದಿನವರ ಪೆಟ್ಟಿನ ಬೆನ್ನು ಹತ್ತಿ ನಾಲ್ಕಾರು ವರ್ಷ ನಡೆದರೆ ನಡುಸಾಲಿಗೆ ಬರುತ್ತಾನೆ. ದೇವರು ಹೊರಡುವುದಕ್ಕೆ ಒಂದು ಗತ್ತು, ದಿಬ್ಬಣಕ್ಕೆ ಒಂದು, ಹೆಣಕ್ಕೆ ಒಂದು, ಊರಿಗೆ ಸಾರುವುದಕ್ಕೆ ಇನ್ನೊಂದು. ಹೊಲದಲ್ಲಿ ಕಳೆ ಕೀಳುತ್ತಿರುವವಳಿಗೆ ಅಲ್ಲಿಂದಲೇ ಊರಲ್ಲಿ ಏನಾಯಿತು ಅಂತ ತಿಳಿಯಬೇಕು. ಅವಳೂ ಒಬ್ಬ ಕೇಳುಗಳು. ಇಂಥ ಕೇಳುಗರನ್ನು ತಯಾರು ಮಾಡಿದ ಸಂಗೀತದ ತರಗತಿ ಯಾವ ಶಾಲೆಯಲ್ಲಿದೆ?

ಶ್ರುತಿಯ ಸಂಗತಿ ಇನ್ನೂ ಸೂಕ್ಷ್ಮ. ತಮಟೆಯ ಶ್ರುತಿ ಬೆಂಕಿಯಲ್ಲಿದೆ. ಹುಲ್ಲು, ತರಗು ಒಟ್ಟಿ ಉರಿ ಮಾಡಿ ಅದರ ಮುಂದೆ ತಮಟೆ ತಿರುಗಿಸುತ್ತಾ ಕಾಯಿಸುತ್ತಾರೆ. ಕಡಿಮೆ ಕಾದರೆ ಸದ್ದು ಮಂಕು, ಹೆಚ್ಚಾದರೆ ಚರ್ಮ ಸೀಳುತ್ತದೆ. ಮಳೆಗಾಲದ ತೇವಕ್ಕೆ ಒಂದು ಹದ, ಬೇಸಿಗೆಗೆ ಒಂದು ಹದ, ಇಬ್ಬನಿ ಬೀಳುವ ರಾತ್ರಿಯಲ್ಲಿ ಗಳಿಗೆ ಗಳಿಗೆಗೂ ಮತ್ತೆ ಕಾಯಿಸಬೇಕು. ಬೆರಳಲ್ಲಿ ತಟ್ಟಿ 'ಹೂಂ, ಆಯ್ತು' ಅನ್ನುವ ಕಿವಿ ಒಂದೆರಡು ವರ್ಷಕ್ಕೆ ಬರುವುದಲ್ಲ. (ಈಗ ಕಾಯಿಸುವ ಗೋಜಿಲ್ಲದ ಫೈಬರ್ ಹಾಳೆಯ ತಮಟೆಗಳು ಬಂದಿವೆ. ಹುಡುಗರಿಗೆ ಸಲೀಸು, ಮುದುಕರಿಗೆ ಬೇಜಾರು.) ಪೆಟ್ಟಿನ ಲೆಕ್ಕ, ಬಾಯಿಪಾಠ, ಅಭ್ಯಾಸ, ಶಿಕ್ಷೆ, ಸಾಲಿನಲ್ಲಿ ಬಡ್ತಿ, ಶ್ರುತಿಜ್ಞಾನ ಇಷ್ಟೂ ಇರುವುದನ್ನು ಗುರುಕುಲ ಅನ್ನದೆ ರಕ್ತ ಅನ್ನುವುದಕ್ಕೆ ಎಂಥ ಕಿವುಡು ಬೇಕು!

ಶಾಲೆಯ ಸಂಗೀತ ಅಂದಕೂಡಲೇ ಕಣ್ಣಿಗೆ ಬರುವುದು ಹಾರ್ಮೋನಿಯಂ. ಅದು ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನಿಂದ ಬಂದದ್ದು. ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿತು, ಆ ಬಹಿಷ್ಕಾರ ಸಡಿಲವಾಗಲು 1971 ಬರಬೇಕಾಯಿತು. ರೇಡಿಯೋ ಮುಟ್ಟದ ಆ ಪೆಟ್ಟಿಗೆ ಅದೇ ಕಾಲದಲ್ಲಿ ಭಜನೆ ಮನೆ, ನಾಟಕ ಕಂಪನಿ, ಶಾಲೆಗಳಲ್ಲಿ ರಾಜ್ಯಭಾರ ಮಾಡಿತು. ಪಿಟೀಲು ಹೊರಗಿನಿಂದ ಬಂದು ಕಚೇರಿಯ ಪಕ್ಕವಾದ್ಯವಾಯಿತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಅದು ನಮ್ಮದೇ ವಾದ್ಯವೆನ್ನುವಷ್ಟು ಹೊಂದಿಕೊಂಡಿತ್ತು. ಒಳ್ಳೆಯದೇ ಆಯಿತು. ಸಮುದ್ರ ದಾಟಿ ಬಂದವರಿಗೆಲ್ಲ ಬಾಗಿಲು ತೆಗೆದ ಮನೆ ಕೇರಿಯಿಂದ ಬಂದದ್ದಕ್ಕೆ ಮಾತ್ರ ಯಾಕೆ ಚಿಲಕ ಹಾಕಿಕೊಂಡಿತು ಎಂದು ಕೇಳಿದರೆ ಕೆಲವರು ಚರ್ಮದ ಕಡೆ ಕೈ ತೋರಿಸುತ್ತಾರೆ. ಮೃದಂಗ ಏನು ರೇಷ್ಮೆಯದೆ? ಅದಕ್ಕೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕದಲ್ಲಿ ಮೃದಂಗ ಮಾಡುವವರ ಚರಿತ್ರೆ ಬರೆದರು. ಅವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಅಂಥ ಮಹಾ ವಿದ್ವಾಂಸರ ನಾದದ ಹಿಂದೆ ಪರ್ಲಾಂದು ಎಂಬ ಕುಶಲಿಯ ಕಿವಿ, ಕೈ ಇದ್ದವು ಎಂಬುದು ಆ ಪುಸ್ತಕ ಓದಿದವರಿಗೆ ತಿಳಿಯುತ್ತದೆ. ಚೆನ್ನೈನ ಕಲಾಕ್ಷೇತ್ರ ಅದರ ಬಿಡುಗಡೆಗೆ ಕೊಟ್ಟಿದ್ದ ಅನುಮತಿಯನ್ನೇ ವಾಪಸ್ ಪಡೆಯಿತು, ಸಮಾರಂಭ ಬೇರೆ ಕಡೆ ನಡೆಯಿತು. ಚರ್ಮ ವೇದಿಕೆ ಮೇಲೆ ಇರಬಹುದು, ಚರ್ಮ ಹದ ಮಾಡಿದವನ ಜೀವನಚರಿತ್ರೆ ಇರಕೂಡದು.

ಜೀವನಚರಿತ್ರೆಯ ಮಾತಿಗೆ ಗಂಗೂಬಾಯಿ ಹಾನಗಲ್ ಅವರನ್ನು ನೆನೆಯಲೇಬೇಕು. ಅವರು ದಲಿತರಲ್ಲ, ಗಂಗಾಮತದವರು, ಹಾಡುವ ಹೆಂಗಸರ ಮನೆತನ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಶಾಲಾ ಹುಡುಗಿಯರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಹನ್ನೊಂದು ವರ್ಷದ ಆಜುಬಾಜು. ಆ ದಿನವನ್ನು ನೆನೆಯುವಾಗ ಗಾಂಧಿಯ ಮುಂದೆ ಹಾಡಿದ ಸಂಭ್ರಮದ ಜೊತೆಗೇ ಅವರು ಇನ್ನೊಂದನ್ನೂ ಹೇಳುತ್ತಿದ್ದರು. ಊಟವಾದ ಮೇಲೆ ಮೇಲ್ಜಾತಿಯವರು ಉಂಡ ಎಲೆ ಎತ್ತು ಅಂದುಬಿಟ್ಟರೆ ಎಂಬ ಭಯ. ದೇಶದ ಸ್ವಾತಂತ್ರ್ಯಕ್ಕೆ ಹಾಡುತ್ತಿರುವ ಮಗುವಿನ ಗಂಟಲಲ್ಲಿ ಎಂಜಲೆಲೆಯ ಹೆದರಿಕೆ. ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು, ಬೀದಿಯಲ್ಲಿ 'ಗಾನೇವಾಲಿ' ಅಂತ ಅನ್ನಿಸಿಕೊಂಡರು, 2002ರಲ್ಲಿ ಪದ್ಮವಿಭೂಷಣರಾದರು. ಈಗ ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರು. ಸಂತೋಷ. ನನ್ನ ಪ್ರಶ್ನೆ ಇಷ್ಟೆ: ಸಂಗೀತ ಕಲಿಯುವ ಮಗುವಿಗೆ ಹೇಳುವ ಜೀವನಚರಿತ್ರೆಯಲ್ಲಿ ಆ ಎಲೆಯ ಭಯ ಬರುತ್ತದೆಯೆ? ಕಿರಾಣಾ ಘರಾಣೆ ಬರುತ್ತದೆ, ಪ್ರಶಸ್ತಿ ಬರುತ್ತವೆ. ಎಲೆಯನ್ನು ಹೇಳದೆ ಬಿಟ್ಟರೆ ಆ ದನಿ ಯಾವುದನ್ನು ದಾಟಿ ಬಂತು ಎಂಬುದು ಆ ಮಗುವಿಗೆ ತಿಳಿಯುವುದು ಹೇಗೆ.

ಸರ್ಕಾರಕ್ಕೆ ಶಾಲೆಯ ಹಾಡಿನ ಬಗ್ಗೆ ಕಾಳಜಿ ಇಲ್ಲ ಅನ್ನುವಂತಿಲ್ಲ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದೊಳಗೆ ಹಾಡಿ ಮುಗಿಸಬೇಕು ಅಂತ 2022ರಲ್ಲಿ ಆದೇಶವಾಯಿತು. ಆ ಧಾಟಿ ಈ ಧಾಟಿ ಅಂತ ಕೋರ್ಟಿನವರೆಗೂ ಹೋದರು. ಅರ್ಧ ನಿಮಿಷವನ್ನೂ ಬಿಡದೆ ಲೆಕ್ಕ ಹಾಕುವ ಈ ಶ್ರದ್ಧೆಯಲ್ಲಿ ಹಾಡಿಸುವ ಮೇಷ್ಟ್ರಿಗೆ ಒಂದು ಹುದ್ದೆ ಹುಟ್ಟಲಿಲ್ಲ. ಇನ್ನು ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆಯ ಸ್ಪರ್ಧೆ ಇದೆ. ನಾನು ಒಂದೆರಡು ಸಲ ತೀರ್ಪುಗಾರನಾಗಿ ಕೂತಿದ್ದೇನೆ. ಮಕ್ಕಳು ಚೆನ್ನಾಗಿಯೇ ಹಾಡುತ್ತಾರೆ, ಆದರೆ ಎಲ್ಲ ಹಾಡೂ ಕ್ಯಾಸೆಟ್ಟಿನಿಂದ, ಈಗ ಮೊಬೈಲಿನಿಂದ ಕಲಿತದ್ದು. ಸುಗಮ ಸಂಗೀತದ ಹದಕ್ಕೆ ಇಳಿಸಿದ ಧಾಟಿ. ಅದೇ ಊರಿನಲ್ಲಿ ರಾಗಿ ಬೀಸುತ್ತಾ ಹಾಡಿದ ಮುದುಕಿ ಇನ್ನೂ ಬದುಕಿರುತ್ತಾಳೆ, ಅವಳ ಹತ್ತಿರ ಯಾರೂ ಹೋಗಿಲ್ಲ. ಒಬ್ಬ ಹುಡುಗಿ ಮಾತ್ರ ತನ್ನ ಅಜ್ಜಿಯ ಧಾಟಿಯಲ್ಲಿ ಹಾಡಿದಳು. ಶ್ರುತಿ ಇಲ್ಲ ಅಂತ ಪಕ್ಕದ ತೀರ್ಪುಗಾರರು ಅಂಕ ಕಡಿಮೆ ಹಾಕಿದರು.

ಈಗ ನಮ್ಮೊಳಗಿನ ಜಗಳಕ್ಕೆ ಬರೋಣ, ಅದು ದೊಡ್ಡದು. ತಮಟೆಯನ್ನು ಶಾಲೆಗೆ ತನ್ನಿ ಅಂದರೆ ಮೊದಲು ಸಿಟ್ಟಾಗುವವರು ನಮ್ಮ ಸಂಗಾತಿಗಳೇ. ಅವರ ಸಿಟ್ಟಿಗೆ ಚರಿತ್ರೆಯ ಬಲವಿದೆ. ತಮಟೆ ನಮಗೆ ಕಲೆಯಾಗಿ ಬಂದದ್ದಲ್ಲ, ಬಿಟ್ಟಿಯಾಗಿ ಬಂದದ್ದು. ತೋಟಿ, ತಳವಾರಿಕೆಯ ಜೊತೆ ಅಂಟಿಕೊಂಡು ಬಂದದ್ದು. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ಪ್ರಶ್ನೆ ಎತ್ತಿದ್ದು ಇಂಥ ಚಾಕರಿಯ ಸರಪಳಿ ಕಡಿಯುವುದಕ್ಕೆ. ನಮ್ಮಲ್ಲಿ 1961ರ ಕಾಯ್ದೆ ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು, ತಮಟೆ ಹೆಗಲಿನಲ್ಲೇ ಉಳಿಯಿತು. ಬಾರಿಸುವುದಿಲ್ಲ ಅಂದವರಿಗೆ ಬಹಿಷ್ಕಾರ ಹಾಕಿದ ಊರುಗಳಿವೆ. ತಮಿಳುನಾಡಿನಲ್ಲೂ ಪರೆ ಬಾರಿಸುವುದನ್ನು ನಿಲ್ಲಿಸುವ ಚಳವಳಿಗಳು ನಡೆದಿವೆ. ಹೀಗಿರುವಾಗ ಹೆಗಲಿಂದ ಇಳಿಸಿದ್ದನ್ನು ಮತ್ತೆ ಮಕ್ಕಳ ಹೆಗಲಿಗೆ ಹಾಕಬೇಕೆ?

ನಾನು ಓದಿದ ಶಾಲೆಗೆ ಒಂದು ಸಲ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಹೆಡ್‌ಮೇಷ್ಟ್ರು ಕೇರಿಗೆ ಹೇಳಿಕಳಿಸಿದರು. ನಮ್ಮ ದೊಡ್ಡಪ್ಪ, ಜೊತೆಗೆ ಇನ್ನು ನಾಲ್ಕು ಜನ ತಮಟೆ ಕಾಯಿಸಿಕೊಂಡು ಗೇಟಿನ ಹತ್ತಿರ ನಿಂತರು. ಕಾರು ಬಂತು, ಬಾರಿಸಿದರು, ಹಾರ ಬಿತ್ತು, ಮೆರವಣಿಗೆ ಒಳಗೆ ಹೋಯಿತು, ಇವರು ಗೇಟಿನಲ್ಲೇ ಉಳಿದರು. ಒಳಗೆ ನಾವು ಹಾರ್ಮೋನಿಯಂ ಜೊತೆ ಸ್ವಾಗತಗೀತೆ ಹಾಡಿದೆವು. ಸಂಗೀತ ಅಂತ ಕಾರ್ಯಕ್ರಮ ಪಟ್ಟಿಯಲ್ಲಿ ಇದ್ದದ್ದು ನಮ್ಮದು. ಕ್ಲಾಸಿನಲ್ಲಿ 'ನಿಮ್ಮಪ್ಪನೂ ಬಡೀತಾನೇನೋ' ಅಂತ ಒಬ್ಬ ಕೇಳಿದ್ದಕ್ಕೆ ನಮ್ಮ ಕೇರಿಯ ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ತಮಟೆ ಬೇಡ ಅನ್ನುವವರ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಕಚೇರಿಗಳಿಗೂ ತಮಟೆಯ ಒಂದೇ ಅರ್ಥ ಗೊತ್ತಿರುವುದು. ಕಂದಾಯ ಕಟ್ಟದವರ ಮನೆ, ಅಂಗಡಿ ಮುಂದೆ ಪಾಲಿಕೆಯವರು ತಮಟೆ ಬಾರಿಸಿ ಮಾನ ಕಳೆದ ಸುದ್ದಿಯನ್ನು ನಾವು ಈಚಿನ ವರ್ಷಗಳಲ್ಲೂ ಓದಿದ್ದೇವೆ. ಬಾರಿಸಲು ಕರೆಸುವುದು ಯಾರನ್ನು, ಕರೆಸುವ ಉದ್ದೇಶ ಏನು, ನೋಡಿಕೊಳ್ಳಿ.

ಆದರೆ ಇನ್ನೊಂದು ನೆನಪೂ ಇದೆ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳ ಜೊತೆ ಹೊರಟದ್ದು ಇದೇ ತಮಟೆ. 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಗಿ ಬಂತು. ಅದನ್ನು ಓದಿದವರಿಗಿಂತ ತಮಟೆಯ ಜೊತೆ ಕೇಳಿದವರೇ ಹೆಚ್ಚು. ತಾಲೂಕು ಕಚೇರಿ ಮುಂದೆ ಅದು ಮೊಳಗಿದಾಗ ಯಾರ ಅಪ್ಪಣೆಯೂ ಇರಲಿಲ್ಲ, ಕಾಳಿನ ಲೆಕ್ಕವೂ ಇರಲಿಲ್ಲ. ಡಿ.ಆರ್. ನಾಗರಾಜ್ 1993ರ ಇಂಗ್ಲಿಷ್ ಪುಸ್ತಕ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ನಮ್ಮನ್ನು ಚುಚ್ಚಬೇಕು: ಅವಮಾನವನ್ನು ನಿರಾಕರಿಸುವ ಭರದಲ್ಲಿ ನಮ್ಮ ಸಾಂಸ್ಕೃತಿಕ ನೆನಪನ್ನೇ ಕಳೆದುಕೊಂಡರೆ ಹೇಗೆ? ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ನೆನಪು ಕಾಪಾಡುವ ಹೊಣೆ ಯಾವಾಗಲೂ ಹಸಿದವನ ಮೇಲೇ ಬೀಳುತ್ತದೆ ಎಂಬ ಸಂಶಯ ನನಗಿದೆ.

ನನ್ನ ನಿಲುವು ಇಷ್ಟು. ತಮಟೆ ಶಾಲೆಗೆ ಬರುವುದಾದರೆ ಅದನ್ನು ಮೊದಲು ಕಲಿಯಬೇಕಾದವರು ನಮ್ಮ ಮಕ್ಕಳಲ್ಲ. ನಮ್ಮ ಮಕ್ಕಳು ವೀಣೆ ಕಲಿಯಲಿ, ಕಂಪ್ಯೂಟರ್ ಕಲಿಯಲಿ, ಇಷ್ಟವಿದ್ದರೆ ತಮಟೆಯನ್ನೂ ಕಲಿಯಲಿ. ಆದರೆ ವಾರ್ಷಿಕೋತ್ಸವದಲ್ಲಿ ಜಾನಪದ ಅಂತ ಅವರಿಗೇ ಕರಿ ಕಂಬಳಿ ಹೊದಿಸಿ ನಿಲ್ಲಿಸುವುದಾದರೆ ಅದು ಹಳೆಯ ಬಿಟ್ಟಿಯೇ, ಯೂನಿಫಾರಂ ಮಾತ್ರ ಹೊಸದು. ಊರಿನ ಹುಡುಗ ಹುಡುಗಿಯರು ಆ ಚರ್ಮವನ್ನು ಕೈಯಿಂದ ಮುಟ್ಟಿ, ಎದೆಗೆ ಒತ್ತಿಕೊಂಡು, ಹುಲ್ಲಿನ ಬೆಂಕಿಯ ಹೊಗೆ ಕುಡಿದು ಕಲಿಯಬೇಕು. ಕಲಿಸುವವನು ಕುರ್ಚಿ ಮೇಲೆ ಕೂತಿರಬೇಕು. ಕೇರಿಯ ಹಿರಿಯರೊಬ್ಬರ ಹತ್ತಿರ ಇದನ್ನು ಹೇಳಿದಾಗ ಅವರು ನಕ್ಕರು. 'ನನ್ನ ಮೊಮ್ಮಗಂಗೆ ನಾನು ಹೇಳ್ಕೊಡಲ್ಲ ಕಣಪ್ಪ, ಅವ್ನು ಓದ್ಕಳ್ಳಿ. ಪಟೇಲರ ಮೊಮ್ಮಗ ಬತ್ತೀನಿ ಅಂದ್ರೆ ಹೇಳ್ಕೊಡ್ತೀನಿ. ಆದ್ರೆ ತಪ್ಪಿದ್ರೆ ಕಡ್ಡೀಲಿ ಹೊಡೀಬೌದಾ?' ಅಂದರು. ತಮಾಷೆಯಂತೆ ಕೇಳಿದರೂ ಅದು ತಮಾಷೆಯ ಪ್ರಶ್ನೆಯಲ್ಲ.

ಪ್ರಶಸ್ತಿಗಳಿಂದ ಈ ಕೆಲಸ ಆಗುವುದಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದ್ದೇ, ರಾಷ್ಟ್ರಪತಿ ಭವನಕ್ಕೆ ತಮಟೆಯ ಹೆಸರು ಹೋಯಿತು. ಆದರೆ ಆ ವಿದ್ಯೆಯುಳ್ಳ ಇನ್ನೊಬ್ಬನನ್ನು ಪಕ್ಕದ ಹಳ್ಳಿಯ ಶಾಲೆಗೆ ನೇಮಿಸಿಕೊಳ್ಳಲು ಹೊರಟರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುತ್ತಾರೆ. ಸರ್ಟಿಫಿಕೇಟು ಕೊಡುವ ಪರೀಕ್ಷೆಯ ಪಟ್ಟಿಯಲ್ಲಿ ತಮಟೆ ಇಲ್ಲ, ಪಟ್ಟಿಯಲ್ಲಿ ಇಲ್ಲದ ಕಾರಣ ಸರ್ಟಿಫಿಕೇಟು ಇಲ್ಲ, ಸರ್ಟಿಫಿಕೇಟು ಇಲ್ಲದ ಕಾರಣ ಮೇಷ್ಟ್ರಲ್ಲ. 2021ರ ಲಾಕ್‌ಡೌನಿನಲ್ಲಿ ಮದುವೆ, ಜಾತ್ರೆ ನಿಂತು ಕಲಾವಿದರ ಕೈ ಬರಿದಾದಾಗ ಸರ್ಕಾರ ಘೋಷಿಸಿದ್ದು ತಲೆಗೆ ಮೂರು ಸಾವಿರ ರೂಪಾಯಿ. ಅದನ್ನು ಪಡೆಯುವುದಕ್ಕೂ ತಾನು ಕಲಾವಿದ ಅಂತ ಕಾಗದದಲ್ಲಿ ತೋರಿಸಬೇಕು. ಹೆಣದ ಮುಂದೆ ಬಾರಿಸಿದ್ದಕ್ಕೆ ಕಾಗದ ಕೊಡುವವರು ಯಾರು?

ಆದ್ದರಿಂದ ಸಂಘಟನೆಗಳು ಹಿಡಿಯಬೇಕಾದ ಬೇಡಿಕೆ ಜಾನಪದ ಉತ್ಸವ, ಶಾಲು, ಫಲಕಗಳದ್ದಲ್ಲ. ತಮಟೆ, ಹಲಗೆ, ಅರೆ, ದುಡಿಗಳನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಿ, ಪರೀಕ್ಷಕರಾಗಿ ಬಾರಿಸುವವರನ್ನೇ ಕೂರಿಸಿ, ಜೀವನಚರಿತ್ರೆಯ ಪಾಠದಲ್ಲಿ ಕೂಲಿ, ಜಾತಿ, ಹಸಿವುಗಳನ್ನೂ ಬರೆಯಿರಿ ಎಂದು ಕೇಳಬೇಕು. ಅಂಕಪಟ್ಟಿ ಕೇಳದೆ ಹಿರಿಯ ವಾದಕರನ್ನು ನೇಮಿಸಿಕೊಳ್ಳಬೇಕು. ಗೌರವಧನ ಎಂಬ ಭಿಕ್ಷೆಯ ಹೆಸರು ಬಿಟ್ಟು ತಿಂಗಳ ಸಂಬಳ ಎಂದೇ ಕೊಡಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಡ್‌ಮೇಷ್ಟ್ರ ಸಹಿಯ ಕೆಳಗೆ, ಅದೇ ಸಾಲಿನಲ್ಲಿ, ಅವರದೂ ಸಹಿ ಬೀಳಬೇಕು. ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ಸಾಕು.